ಮರದ ಚೂರುಗಳ ಶಿಲ್ಪಿ

ಬಡಗಿಯು ಬಾಗಿಲನ್ನೋ ಮಂಚವನ್ನೋ ಮಾಡಿ ಮುಗಿಸಿ ಹೊರಟುಹೋದ ಮೇಲೆ ಅಂಗಳದಲ್ಲಿ ಬಗೆಬಗೆಯ ಮರದ ಚೂರುಗಳು ಬಿದ್ದಿರುತ್ತವೆ. ಕತ್ತರಿಸಿ ಉಳಿದ ಚೌಕಗಳು, ಬಾಗಿದ ಪಟ್ಟಿಗಳು, ಅಳತೆ ತಪ್ಪಿ ಕೆಟ್ಟುಹೋದ ಕಾಲುಗಳು, ಹೀಗೆ ಹಲವು. ಹಗಲಿನಲ್ಲಿ ಮಕ್ಕಳು ಅವುಗಳನ್ನು ಒಂದರ ಮೇಲೊಂದು ಪೇರಿಸಿ ಗೋಪುರ ಕಟ್ಟುತ್ತಾರೆ. ಸಂಜೆಯಾಗುತ್ತಲೇ ಯಾರಾದರೂ ಅವನ್ನು ಗುಡಿಸಿ ಒಲೆಗೆ ಹಾಕುತ್ತಾರೆ. ಕೆಲಸಕ್ಕೆ ಬಾರದ ಮರಕ್ಕೆ ಬೆಂಕಿಯೇ ಗತಿ ಎಂಬುದು ಲೋಕದ ರೂಢಿ. ಈ ರೂಢಿಯನ್ನು ಒಪ್ಪದೆ, ಜನರು ಬೀದಿಗೆಸೆದ ಮರದ ತುಂಡುಗಳನ್ನೇ ಆಯ್ದು ತಂದು, ಅವುಗಳಿಂದ ಆಳೆತ್ತರವನ್ನೂ ಮೀರಿದ ಗೋಡೆಗಳನ್ನು ರಚಿಸಿ, ಇಪ್ಪತ್ತನೆಯ ಶತಮಾನದ ಹೆಸರಾಂತ ಶಿಲ್ಪಿಗಳ ಸಾಲಿನಲ್ಲಿ ನಿಂತ ಹೆಣ್ಣುಮಗಳೊಬ್ಬಳಿದ್ದಳು. ಆಕೆಯೇ ಲೂಯಿಸ್ ನೆವೆಲ್ಸನ್.

ಲೂಯಿಸ್ ಹುಟ್ಟಿದ್ದು 1899ರಲ್ಲಿ, ಕೀವ್ ನಗರಕ್ಕೆ ಸಮೀಪದ ಪೆರೆಯಾಸ್ಲಾವ್ ಎಂಬ ಊರಿನಲ್ಲಿ. ಆ ಸೀಮೆಯು ಅಂದು ರಷ್ಯದ ಚಕ್ರವರ್ತಿಯ ಆಳ್ವಿಕೆಗೆ ಒಳಪಟ್ಟಿತ್ತು. ಈಗ ಅದು ಯುಕ್ರೇನ್ ದೇಶಕ್ಕೆ ಸೇರಿದೆ. ತಂದೆತಾಯಿಗಳು ಮಗುವಿಗೆ ಇಟ್ಟ ಹೆಸರು ಲಿಯಾ ಬೆರ್ಲಿಯಾವ್ಸ್ಕಿ. ಅವರದು ಯಹೂದ್ಯ ಮನೆತನ. ತಂದೆಯ ಕಡೆಯವರಿಗೆ ಮರದ ವ್ಯವಹಾರವಿತ್ತು. ಅಂದಿನ ರಷ್ಯದಲ್ಲಿ ಯಹೂದ್ಯರ ಬಾಳು ಸುಗಮವಾಗಿರಲಿಲ್ಲ. ಅವರು ಎಲ್ಲಿ ವಾಸಿಸಬೇಕು, ಯಾವ ಉದ್ಯೋಗ ಮಾಡಬೇಕು ಎಂಬುದಕ್ಕೆಲ್ಲ ಕಾನೂನಿನ ಕಟ್ಟುಪಾಡುಗಳಿದ್ದವು. ಅವುಗಳ ಜೊತೆಗೆ ಯಾವಾಗ ದೊಂಬಿ ಏಳುವುದೋ ಎಂಬ ಭೀತಿಯೂ ಇತ್ತು. ಆದುದರಿಂದ ಸಾವಿರಾರು ಮಂದಿ ಹುಟ್ಟೂರನ್ನು ಬಿಟ್ಟು ಅಮೆರಿಕಕ್ಕೆ ವಲಸೆ ಹೋಗುತ್ತಿದ್ದರು. ಲಿಯಾಳ ತಂದೆ ಐಸಾಕನೂ 1902ರಲ್ಲಿ ಹೆಂಡತಿ ಮಕ್ಕಳನ್ನು ಹಿಂದೆ ಬಿಟ್ಟು ಒಬ್ಬನೇ ಹಡಗು ಹತ್ತಿದನು. ತಂದೆ ತೆರಳಿದ ಮೇಲೆ ಆ ಪುಟ್ಟ ಹುಡುಗಿಯು ಆರು ತಿಂಗಳ ಕಾಲ ಯಾರೊಡನೆಯೂ ಮಾತನಾಡಲಿಲ್ಲವೆಂದು ಹೇಳುತ್ತಾರೆ.

ಮೂರು ವರ್ಷಗಳ ತರುವಾಯ, 1905ರಲ್ಲಿ, ತಾಯಿ ಮಿನ್ನಾ ಮಕ್ಕಳನ್ನು ಕರೆದುಕೊಂಡು ಗಂಡನಿದ್ದೆಡೆಗೆ ಹೊರಟಳು. ದಾರಿಯಲ್ಲಿ ಇಂಗ್ಲೆಂಡಿನ ಲಿವರ್‌ಪೂಲ್ ಬಂದರಿನಲ್ಲಿ ಅವರು ತಂಗಬೇಕಾಯಿತು. ಅಲ್ಲಿ ಲಿಯಾ ಒಂದು ಮಿಠಾಯಿ ಅಂಗಡಿಯನ್ನು ಕಂಡಳು. ನೆಲದಿಂದ ಮೇಲಿನವರೆಗೂ ಹಲಗೆಗಳ ಸಾಲು. ಸಾಲುಸಾಲಿನಲ್ಲೂ ಗಾಜಿನ ಭರಣಿಗಳು. ಭರಣಿಗಳೊಳಗೆ ದೀಪದ ಬೆಳಕಿಗೆ ಮಿನುಗುವ ಬಣ್ಣಬಣ್ಣದ ಮಿಠಾಯಿಗಳು. ಮುದುಕಿಯಾದ ಮೇಲೂ ಆಕೆ ಈ ನೋಟವನ್ನು ನೆನೆಯುತ್ತಿದ್ದಳು. ಗೋಡೆಯ ತುಂಬ ಗೂಡುಗಳು, ಗೂಡುಗೂಡಿನಲ್ಲೂ ಒಂದೊಂದು ವಸ್ತು. ಆಕೆಯ ಮುಂದಿನ ಕೃತಿಗಳನ್ನು ನೋಡಿದವರಿಗೆ ಈ ಸಂಗತಿಯನ್ನು ಸುಲಭವಾಗಿ ಮರೆಯಲಾಗದು.

ಅಮೆರಿಕದ ಈಶಾನ್ಯ ಮೂಲೆಯಲ್ಲಿ ಮೇನ್ ಎಂಬ ರಾಜ್ಯವಿದೆ. ಅಲ್ಲಿನ ರಾಕ್‌ಲೆಂಡ್ ಎಂಬ ಕಡಲತೀರದ ಊರಿನಲ್ಲಿ ಸುಣ್ಣದ ಗಣಿ ಹಾಗೂ ಗೂಡುಗಳಿದ್ದವು. ಹಡಗು ಕಟ್ಟುವ ಕಸುಬೂ ಇತ್ತು. ಬೆರ್ಲಿಯಾವ್ಸ್ಕಿ ಕುಟುಂಬವು ಬಂದು ನೆಲೆಸಿದ್ದು ಅಲ್ಲಿಯೇ. ಐಸಾಕನು ಮರ ಕಡಿದನು, ಹಳೆಯ ಸಾಮಾನುಗಳನ್ನು ಕೊಂಡು ಮಾರಿದನು, ಮುಂದೆ ಮರದ ಅಡ್ಡೆಯ ಒಡೆಯನಾದನು. ಕ್ರಮೇಣ ಮನೆ ನಿವೇಶನಗಳ ವ್ಯವಹಾರಕ್ಕೂ ಕೈಹಾಕಿದನು. ಹೀಗೆ ಲಿಯಾ ಬೆಳೆದದ್ದು ಮರದ ವಾಸನೆಯ ನಡುವೆ. ಅಮೆರಿಕಕ್ಕೆ ಬಂದ ಮೇಲೆ ಆಕೆಯ ಹೆಸರೂ ಬದಲಾಗಿ ಲೂಯಿಸ್ ಎಂದಾಯಿತು. ಮನೆಯಲ್ಲಿ ಯಿಡ್ಡಿಷ್ ಭಾಷೆ, ಶಾಲೆಯಲ್ಲಿ ಇಂಗ್ಲಿಷು. ಊರಿನಲ್ಲಿ ಯಹೂದ್ಯರ ಮನೆಗಳು ಬೆರಳೆಣಿಕೆಯಷ್ಟು ಮಾತ್ರ. ಹೊರಗಿನವರೆಂಬ ಭಾವನೆ ಆ ಮಕ್ಕಳನ್ನು ಬಿಟ್ಟಗಲಲಿಲ್ಲ. ತಾಯಿಯಾದರೋ ಮಕ್ಕಳಿಗೆ ಬೆಲೆಬಾಳುವ ಉಡುಪುಗಳನ್ನು ತೊಡಿಸಿ, ತಾನೂ ರಾಣಿಯಂತೆ ಅಲಂಕರಿಸಿಕೊಂಡು ಬೀದಿಯಲ್ಲಿ ನಡೆಯುತ್ತಿದ್ದಳು. ಈ ಗುಣವು ಮಗಳಿಗೂ ಇಳಿದು ಬಂದಿತು.

ಒಂಬತ್ತನೆಯ ವಯಸ್ಸಿನಲ್ಲಿ ನಡೆದ ಒಂದು ಘಟನೆಯನ್ನು ಆಕೆ ಸ್ವತಃ ಹೇಳಿಕೊಂಡಿದ್ದಾಳೆ. ಊರಿನ ಪುಸ್ತಕಾಲಯದಲ್ಲಿ ಫ್ರಾನ್ಸಿನ ವೀರಕನ್ಯೆ ಜೋನಳ ಗಾರೆಯ ಪ್ರತಿಮೆಯೊಂದಿತ್ತು. ಮುಂದೆ ಏನಾಗಬೇಕೆಂದಿರುವೆ ಎಂದು ಪುಸ್ತಕಾಲಯದವರು ಕೇಳಿದಾಗ, ಹುಡುಗಿಯು ತಾನು ಕಲಾವಿದೆಯಾಗುವೆನೆಂದಳು. ಮರುಕ್ಷಣವೇ ಪ್ರತಿಮೆಯ ಕಡೆಗೆ ನೋಡಿ, ಬರಿಯ ಕಲಾವಿದೆಯಲ್ಲ, ಶಿಲ್ಪಿಯಾಗುವೆನೆಂದು ತಿದ್ದಿಕೊಂಡಳು. ತನಗೆ ಬಣ್ಣದ ನೆರವು ಬೇಡವೆಂದೂ ಸೇರಿಸಿದಳು. ತನ್ನ ಬಾಯಿಂದಲೇ ಬಂದ ಈ ಮಾತಿಗೆ ತಾನೇ ಅಂಜಿ, ಅಳುತ್ತ ಮನೆಗೆ ಓಡಿದಳಂತೆ.

ಆದರೆ ಬಯಕೆಗೂ ಬದುಕಿಗೂ ನಡುವೆ ಬಹಳ ದೂರವಿತ್ತು. 1918ರಲ್ಲಿ ಪ್ರೌಢಶಾಲೆಯ ಓದು ಮುಗಿಯಿತು. ವಕೀಲರ ಕಚೇರಿಯೊಂದರಲ್ಲಿ ಶೀಘ್ರಲಿಪಿಯ ಕೆಲಸ ದೊರೆಯಿತು. 1920ರಲ್ಲಿ ಹಡಗಿನ ವ್ಯಾಪಾರಿಗಳ ಮನೆತನದ ಚಾರ್ಲ್ಸ್ ನೆವೆಲ್ಸನ್ ಎಂಬವನೊಡನೆ ವಿವಾಹವಾಗಿ ನ್ಯೂಯಾರ್ಕ್ ನಗರವನ್ನು ಸೇರಿದಳು. 1922ರಲ್ಲಿ ಮಗನು ಹುಟ್ಟಿದನು. ಮೈರನ್ ಎಂದು ಅವನ ಹೆಸರು. ಎಲ್ಲರೂ ಕರೆಯುತ್ತಿದ್ದುದು ಮೈಕ್ ಎಂದು. ಸಿರಿವಂತರ ಮನೆ, ಒಳ್ಳೆಯ ಉಡುಪು, ಸಂಗೀತ ನಾಟ್ಯಗಳ ಪಾಠ, ಎಲ್ಲವೂ ಇದ್ದವು. ಆದರೆ ಮನೆಯೊಡತಿಯು ಅತಿಥಿಗಳನ್ನು ಸತ್ಕರಿಸುತ್ತ ಇದ್ದುಬಿಡಬೇಕೆಂಬುದು ಗಂಡನ ಮನೆಯವರ ಎಣಿಕೆ. ಕಲೆಯೇ ತನ್ನ ಕೆಲಸವೆಂಬುದು ಆಕೆಯ ಹಟ. ಈ ಎರಡೂ ಕೂಡಿ ಬಾಳಲಿಲ್ಲ. 1929ರಿಂದ ನ್ಯೂಯಾರ್ಕಿನ ಆರ್ಟ್ ಸ್ಟೂಡೆಂಟ್ಸ್ ಲೀಗ್ ಎಂಬ ಶಾಲೆಯಲ್ಲಿ ಆಕೆ ಕ್ರಮವಾಗಿ ಅಭ್ಯಾಸ ಮಾಡತೊಡಗಿದಳು. 1931ರಲ್ಲಿ ಗಂಡನಿಂದ ದೂರವಾದಳು. ಆತನಿಂದ ಜೀವನಾಂಶವನ್ನು ಕೇಳಲೂ ಇಲ್ಲ, ಪಡೆಯಲೂ ಇಲ್ಲ.

ಅದೇ ವರ್ಷ ಆಕೆ ಮಗನನ್ನು ರಾಕ್‌ಲೆಂಡಿನ ತವರಿನಲ್ಲಿ ಬಿಟ್ಟು ಜರ್ಮನಿಯ ಮ್ಯೂನಿಕ್ ನಗರಕ್ಕೆ ಹೋದಳು. ಅಲ್ಲಿ ಹಾನ್ಸ್ ಹಾಫ್‌ಮನ್ ಎಂಬ ಪ್ರಸಿದ್ಧ ಕಲಾಗುರುವಿನ ಶಾಲೆಯಿತ್ತು. ಬಾಲಕನಿಗೆ ಆಗ ಒಂಬತ್ತು ವರ್ಷ. ಮಹಾಪುರುಷರ ಚರಿತ್ರೆಗಳನ್ನು ಬರೆಯುವಾಗ ಇಂಥ ಸಂಗತಿಗಳನ್ನು ಮೆಲ್ಲನೆ ಮರೆಮಾಡಿ ಮುಂದೆ ಸಾಗುವುದುಂಟು. ಅದು ಸರಿಯಲ್ಲ. ತಂದೆಯು ಬಿಟ್ಟು ಹೋದನೆಂದು ಒಂದು ಕಾಲದಲ್ಲಿ ಮಾತನ್ನೇ ನಿಲ್ಲಿಸಿದ್ದ ಹುಡುಗಿಯು, ತಾನು ತಾಯಿಯಾದಾಗ ತನ್ನ ಮಗನನ್ನು ಬಿಟ್ಟು ಹೋದಳು. ಈ ಅಪರಾಧಭಾವನೆಯು ತನ್ನನ್ನು ಕಡೆಯವರೆಗೂ ಕಾಡಿತೆಂದು ಆಕೆಯೇ ಒಪ್ಪಿಕೊಂಡಿದ್ದಾಳೆ. ಗಂಡುಮಗನೊಬ್ಬನು ಕಲೆಗಾಗಿ ಸಂಸಾರವನ್ನು ಬಿಟ್ಟು ಹೋದರೆ ಲೋಕವು ಅಷ್ಟೊಂದು ಪ್ರಶ್ನೆ ಕೇಳುವುದಿಲ್ಲ ಎಂಬುದೂ ನಿಜ. ಆದರೆ ಹುಡುಗನ ಒಂಟಿತನಕ್ಕೆ ಅದು ಸಮಾಧಾನವಾಗಲಾರದು.

ಮ್ಯೂನಿಕ್ಕಿನ ಅಭ್ಯಾಸ ಬಹುಕಾಲ ನಡೆಯಲಿಲ್ಲ. ನಾಜಿಗಳ ಕಾರ್ಮೋಡ ಜರ್ಮನಿಯ ಮೇಲೆ ಕವಿಯುತ್ತಿತ್ತು. ಹಾಫ್‌ಮನ್ನನೇ ಅಮೆರಿಕಕ್ಕೆ ತೆರಳುವ ಸಿದ್ಧತೆಯಲ್ಲಿದ್ದನು. ಲೂಯಿಸ್ ಹಿಂದಿರುಗಿ ನ್ಯೂಯಾರ್ಕಿನಲ್ಲಿಯೇ ಅವನ ಬಳಿ ಕಲಿತಳು. 1933ರಲ್ಲಿ ಮೆಕ್ಸಿಕೊ ದೇಶದ ಮಹಾ ಚಿತ್ರಕಾರ ಡಿಯೆಗೊ ರಿವೇರಾ ನ್ಯೂಯಾರ್ಕಿನಲ್ಲಿ ಭಿತ್ತಿಚಿತ್ರಗಳನ್ನು ಬರೆಯುತ್ತಿದ್ದಾಗ ಅವನ ಸಹಾಯಕರಲ್ಲಿ ಒಬ್ಬಳಾದಳು. ಅದು ಅಮೆರಿಕದಲ್ಲಿ ಆರ್ಥಿಕ ಮುಗ್ಗಟ್ಟು ತಲೆದೋರಿದ್ದ ಕಾಲ. ಲಕ್ಷಗಟ್ಟಲೆ ಜನ ಕೆಲಸ ಕಳೆದುಕೊಂಡಿದ್ದರು. ಕಲಾವಿದರಿಗೂ ಅನ್ನ ದೊರೆಯಲೆಂದು ಸರ್ಕಾರವು ಒಂದು ಯೋಜನೆಯನ್ನು ಹಾಕಿಕೊಂಡಿತ್ತು. ಅದರಡಿಯಲ್ಲಿ ಲೂಯಿಸ್ ಮಕ್ಕಳಿಗೆ ಚಿತ್ರಕಲೆ ಕಲಿಸಿ 1939ರವರೆಗೆ ಅಷ್ಟಿಷ್ಟು ಸಂಪಾದಿಸಿದಳು. ಆ ದಿನಗಳ ಕಡುಚಳಿಯಲ್ಲಿ ತಾಯಿಯೂ ಮಗನೂ ಬೀದಿಯಲ್ಲಿ ಅಲೆದು, ಒಲೆಗೆ ಹಾಕಲೆಂದು ಮರದ ತುಂಡುಗಳನ್ನು ಆಯ್ದು ತರುತ್ತಿದ್ದರೆಂದು ಹೇಳುತ್ತಾರೆ. ಹಾಗೆ ತಂದ ಸೌದೆಯಲ್ಲಿ ಎಲ್ಲವೂ ಒಲೆಯನ್ನು ಸೇರಲಿಲ್ಲ. ಒಂದು ತುಂಡಿನ ಬಾಗು, ಇನ್ನೊಂದರ ಅಂಚು ಆಕೆಯ ಕಣ್ಣನ್ನು ಸೆಳೆದು ಮನೆಯ ಮೂಲೆಯಲ್ಲಿ ಉಳಿದುಕೊಂಡವು.

ಹೀಗೆ ಆಕೆಗೆ ನಲವತ್ತು ದಾಟಿತು. ವಯಸ್ಸಿನಿಂದ ತರುಣಿಯಲ್ಲ, ಕಲಾಲೋಕದಲ್ಲಿ ಮಾತ್ರ ಇನ್ನೂ ಹೊಸಬಳು. ಇತರರೊಡನೆ ಅಲ್ಲೊಂದು ಇಲ್ಲೊಂದು ಕೃತಿಯನ್ನು ಪ್ರದರ್ಶಿಸಿದ್ದುಂಟೇ ಹೊರತು ತನ್ನದೇ ಆದ ಪ್ರದರ್ಶನವೊಂದನ್ನು ಕಂಡಿರಲಿಲ್ಲ. ಒಬ್ಬನೇ ಕಲಾವಿದನ ಕೃತಿಗಳನ್ನು ಒಂದೆಡೆ ಇರಿಸಿ ತೋರುವುದಕ್ಕೆ ಏಕವ್ಯಕ್ತಿ ಪ್ರದರ್ಶನವೆಂದು ಹೆಸರು. ಗುಂಪಿನ ಪ್ರದರ್ಶನದಲ್ಲಿ ಒಬ್ಬನ ದೋಷ ಇನ್ನೊಬ್ಬನ ಗುಣದ ನೆರಳಿನಲ್ಲಿ ಮರೆಯಾಗಬಹುದು. ಇಲ್ಲಿ ಆ ಆಸರೆಯಿಲ್ಲ.

1941ರಲ್ಲಿ ಒಂದು ದಿನ ಲೂಯಿಸ್ ನ್ಯೂಯಾರ್ಕಿನ 57ನೆಯ ಬೀದಿಯಲ್ಲಿದ್ದ ನೀರೆನ್‌ಡಾರ್ಫ್ ಗ್ಯಾಲರಿಯೊಳಗೆ ನೇರವಾಗಿ ನಡೆದಳು. ಕಾರ್ಲ್ ನೀರೆನ್‌ಡಾರ್ಫ್ ಜರ್ಮನಿಯಿಂದ ಬಂದು ನೆಲೆಸಿದ್ದ ಕಲಾವ್ಯಾಪಾರಿ. ಪಾಲ್ ಕ್ಲೀಯಂಥ ಐರೋಪ್ಯ ಕಲಾವಿದರ ಕೃತಿಗಳನ್ನು ಅಮೆರಿಕದವರಿಗೆ ಪರಿಚಯಿಸಿದವನು. ಆತನ ಪರಿಚಯ ಆಕೆಗಿರಲಿಲ್ಲ, ಯಾರ ಶಿಫಾರಸು ಪತ್ರವೂ ಕೈಯಲ್ಲಿರಲಿಲ್ಲ. ತನ್ನ ಕೃತಿಗಳ ಪ್ರದರ್ಶನವನ್ನು ನಿಮ್ಮಲ್ಲಿ ಏರ್ಪಡಿಸಬೇಕೆಂದು ಆಕೆ ಮುಖಾಮುಖಿ ಕೇಳಿದಳು. ಕೃತಿಗಳನ್ನೇ ಕಾಣದೆ ಹೇಗೆ ಒಪ್ಪಲೆಂದು ಆತನು ಸಹಜವಾಗಿಯೇ ಹೇಳಿದನು. ಹಾಗಾದರೆ ನಾಳೆಯೇ ಬಂದು ನೋಡಿರೆಂದು ಆಕೆ ಕರೆದಳು. ಆಶ್ಚರ್ಯವೆಂದರೆ, ಮರುದಿನ ಆತನು ಬಂದನು. ನೋಡಿದನು, ಒಪ್ಪಿದನು. ಆ ಸೆಪ್ಟೆಂಬರಿನಲ್ಲಿ, ಆಕೆಗೆ ನಲವತ್ತೆರಡು ತುಂಬುವ ಹೊತ್ತಿಗೆ, ಪ್ರದರ್ಶನ ತೆರೆಯಿತು.

ಆಗ ಅಲ್ಲಿದ್ದವು ಹೆಚ್ಚಾಗಿ ಮೇಜಿನ ಮೇಲೆ ಇಡಬಹುದಾದಷ್ಟು ಚಿಕ್ಕ ಆಕೃತಿಗಳು. ಅಂಗಾಂಗಗಳೆಲ್ಲ ಚೌಕ ಕೋನಗಳಾಗಿ ಒಡೆದು ಮತ್ತೆ ಕೂಡಿಕೊಂಡಂಥ ರೂಪಗಳು. ಪತ್ರಿಕೆಗಳು ಕೆಟ್ಟದ್ದಾಗಿ ಬರೆಯಲಿಲ್ಲ; ಹೊಗಳಿದವರೂ ಇದ್ದರು. ಆದರೆ ಒಬ್ಬ ವಿಮರ್ಶಕನ ಹೊಗಳಿಕೆಯು ಬೈಗುಳಕ್ಕಿಂತ ಕಹಿಯಾಗಿತ್ತು. ಈ ಶಿಲ್ಪಿ ಹೆಂಗಸೆಂದು ತನಗೆ ಸಕಾಲದಲ್ಲಿ ತಿಳಿದುಬಂದುದರಿಂದ ಉತ್ಸಾಹವನ್ನು ತಡೆದುಕೊಂಡೆನೆಂದೂ, ಇಲ್ಲವಾದರೆ ಇವು ಮಹತ್ತ್ವದ ಕೃತಿಗಳೆಂದು ಸಾರಿಬಿಡುತ್ತಿದ್ದೆನೆಂದೂ ಆತನು ಬರೆದನು. ಕೃತಿಯನ್ನು ಮೆಚ್ಚಿದ ಕಣ್ಣು ಹೆಸರನ್ನು ಓದಿದೊಡನೆ ಮುಚ್ಚಿಕೊಂಡಿತು! ವಿಮರ್ಶೆಯ ಮಾತು ಹಾಗಿರಲಿ. ಪ್ರದರ್ಶನ ಮುಗಿದಾಗ ಒಂದೇ ಒಂದು ಕೃತಿಯೂ ಮಾರಾಟವಾಗಿರಲಿಲ್ಲ. ತಂದದ್ದೆಲ್ಲವೂ ಮನೆಗೆ ಮರಳಿತು.

ನೀರೆನ್‌ಡಾರ್ಫ್ ಮಾತ್ರ ಆಕೆಯ ಕೈಬಿಡಲಿಲ್ಲ. 1947ರಲ್ಲಿ ತೀರಿಕೊಳ್ಳುವವರೆಗೂ ಆತನು ಆಕೆಯ ಕೃತಿಗಳಿಗೆ ತನ್ನಲ್ಲಿ ಮತ್ತೆ ಮತ್ತೆ ಸ್ಥಳ ಕೊಟ್ಟನು. ಕೊಳ್ಳುವವರಿಲ್ಲದ ಕಲಾವಿದೆಗೆ ಇಂಥ ವ್ಯಾಪಾರಿ ದೊರೆಯುವುದು ಅಪರೂಪ.

ಈ ನಡುವೆ ಎರಡನೆಯ ಮಹಾಯುದ್ಧಕ್ಕೆ ಅಮೆರಿಕವೂ ಧುಮುಕಿತು. ಮಗ ಮೈಕ್ ಸರಕು ಸಾಗಿಸುವ ಹಡಗುಗಳಲ್ಲಿ ನಾವಿಕನಾದನು. ಶತ್ರುಗಳ ಜಲಾಂತರ್ಗಾಮಿಗಳು ಅಂಥ ಹಡಗುಗಳನ್ನೇ ಹುಡುಕಿ ಮುಳುಗಿಸುತ್ತಿದ್ದ ಕಾಲವದು. ತಾಯಿಯ ಚಿಂತೆಗೆ ಎಣೆಯಿರಲಿಲ್ಲ. ಆಕೆ ಬೀದಿಯ ಮರವನ್ನು ಹೆಚ್ಚುಹೆಚ್ಚಾಗಿ ಮನೆಗೆ ತರತೊಡಗಿದ್ದು ಈ ವರ್ಷಗಳಲ್ಲಿಯೇ.

1943ರ ವಸಂತದಲ್ಲಿ ನಾರ್ಲಿಸ್ಟ್ ಎಂಬ ಸಣ್ಣ ಗ್ಯಾಲರಿಯಲ್ಲಿ ಆಕೆ ಒಂದು ಸರ್ಕಸ್ಸನ್ನೇ ನಿರ್ಮಿಸಿದಳು. ಮುರಿದ ಮಂಚದ ಕಾಲು, ಚಕ್ರ, ಹಲಗೆ ಮೊದಲಾದವುಗಳಿಂದ ಪ್ರಾಣಿಗಳೂ ವಿದೂಷಕರೂ ಪ್ರೇಕ್ಷಕರೂ ಮೂಡಿದರು. ನೆಲದ ಮೇಲೆ ಮರಳನ್ನೂ ಗೋಲಿಗಳನ್ನೂ ಹರಡಿ, ಗೋಡೆಗೆ ಹಳೆಯ ಸರ್ಕಸ್ಸಿನ ಭಿತ್ತಿಪತ್ರಗಳನ್ನು ಅಂಟಿಸಿದಳು. ನೋಡಲು ಬಂದವರು ಶಿಲ್ಪದ ಮುಂದೆ ನಿಲ್ಲುವುದಕ್ಕೆ ಬದಲಾಗಿ ಶಿಲ್ಪದ ಒಳಗೇ ಕಾಲಿಡುತ್ತಿದ್ದರು. ಇಂದು ಇಂಥ ರಚನೆ ಎಲ್ಲೆಡೆ ಸಾಮಾನ್ಯವಾಗಿದೆ. ಅಂದು ಜನರಿಗೆ ಇದನ್ನು ಏನೆಂದು ಕರೆಯಬೇಕೆಂದೇ ತಿಳಿಯಲಿಲ್ಲ. ಮತ್ತೆ ಏನೂ ಮಾರಾಟವಾಗಲಿಲ್ಲ.

ಪ್ರದರ್ಶನ ಮುಗಿದ ಮೇಲೆ ಲೂಯಿಸ್ ಆ ಸರ್ಕಸ್ಸನ್ನು ಒಡೆದು ನಾಶಮಾಡಿದಳು. ಅದರೊಡನೆ ತಾನು ಅದುವರೆಗೆ ಬರೆದಿದ್ದ ಸುಮಾರು 200 ವರ್ಣಚಿತ್ರಗಳೂ ನಾಶವಾದವು. ಅವುಗಳನ್ನು ಇಡಲು ಸ್ಥಳವಿರಲಿಲ್ಲವೆಂಬುದು ಒಂದು ಕಾರಣ. ಆದರೆ ಸ್ಥಳದ ಕೊರತೆಯಷ್ಟೇ ಆಗಿದ್ದರೆ ಹತ್ತಿಪ್ಪತ್ತನ್ನಾದರೂ ಉಳಿಸಿಕೊಳ್ಳುತ್ತಿದ್ದಳು. ಎರಡು ವರ್ಷಗಳ ಕೆಳಗೆ ಒಂದೂ ಮಾರಾಟವಾಗದ ಮೊದಲ ಪ್ರದರ್ಶನದ ನೋವು, ಈಗಿನ ನೋವು, ಹಡಗಿನಲ್ಲಿದ್ದ ಮಗನ ಚಿಂತೆ ಎಲ್ಲವೂ ಒಂದಾಗಿ ಆಕೆಯ ಕೈಯಿಂದ ಈ ಕೆಲಸವನ್ನು ಮಾಡಿಸಿದಂತೆ ತೋರುತ್ತದೆ. ಇದನ್ನು ಧೈರ್ಯವೆನ್ನಬೇಕೋ ದುಡುಕೆನ್ನಬೇಕೋ ಹೇಳುವುದು ಕಷ್ಟ. ಆ 200 ಚಿತ್ರಗಳಲ್ಲಿ ಒಳ್ಳೆಯವು ಇರಲಿಲ್ಲವೆಂದು ಯಾರು ಹೇಳಬಲ್ಲರು?

ಮರದ ಮೇಲಿನ ಮಮತೆ ಮಾತ್ರ ನಾಶವಾಗಲಿಲ್ಲ. 1944ರಲ್ಲಿ ನೀರೆನ್‌ಡಾರ್ಫನ ಗ್ಯಾಲರಿಯಲ್ಲಿ ಆಕೆ ತನ್ನ ಮೊದಲ ಅಮೂರ್ತ ಮರಶಿಲ್ಪಗಳನ್ನು ಜನರ ಮುಂದಿಟ್ಟಳು. ಅಮೂರ್ತವೆಂದರೇನೆಂದು ಇಲ್ಲಿ ಒಂದೆರಡು ಮಾತು ಹೇಳಬೇಕು. ಆನೆಯನ್ನು ಕೆತ್ತಿದರೆ ನೋಡುವವನು ಆನೆಯೆಂದು ಗುರುತಿಸುತ್ತಾನೆ, ಅದು ಮೂರ್ತ. ಕೆತ್ತಿದ್ದು ಯಾವ ಪ್ರಾಣಿಯನ್ನೂ ಯಾವ ಮನುಷ್ಯನನ್ನೂ ಹೋಲದೆ, ಬರಿಯ ಆಕಾರ, ನೆರಳು, ಏರಿಳಿತಗಳಿಂದಲೇ ಮನಸ್ಸನ್ನು ತಟ್ಟಿದರೆ ಅದು ಅಮೂರ್ತ. ರಾಗದ ಆಲಾಪನೆಯಲ್ಲಿ ಮಾತುಗಳಿರುವುದಿಲ್ಲ. ಆದರೂ ಕೇಳುವವನಿಗೆ ಅದು ಸಂತೋಷದ್ದೋ ದುಃಖದ್ದೋ ತಿಳಿಯುತ್ತದೆ. ಅಮೂರ್ತ ಶಿಲ್ಪವನ್ನೂ ಹಾಗೆಯೇ ನೋಡಬೇಕು. ಇದೇನು ಎಂದು ಕೇಳುವ ಆತುರವನ್ನು ಸ್ವಲ್ಪ ಹೊತ್ತು ತಡೆದುಕೊಂಡರೆ ಸಾಕು.

ಮುಂದಿನ ಹತ್ತು ವರ್ಷಗಳು ಹೆಚ್ಚು ಸದ್ದಿಲ್ಲದೆ ಕಳೆದವು. ತಂದೆ, ನೀರೆನ್‌ಡಾರ್ಫ್, ಒಬ್ಬರ ಹಿಂದೊಬ್ಬರು ತೀರಿಕೊಂಡರು. 1948ರಲ್ಲಿ ಆಕೆಯೂ ಶಸ್ತ್ರಚಿಕಿತ್ಸೆಗೆ ಒಳಗಾದಳು. ಚೇತರಿಸಿಕೊಂಡ ಮೇಲೆ ಮೆಕ್ಸಿಕೊ, ಗ್ವಾಟೆಮಾಲಾ ದೇಶಗಳಿಗೆ ಹೋಗಿ ಪ್ರಾಚೀನ ಮಾಯಾ ಜನಾಂಗದವರ ದೇಗುಲಗಳನ್ನೂ ಕೆತ್ತನೆಯ ಕಲ್ಲುಕಂಬಗಳನ್ನೂ ಕಂಡು ಬಂದಳು. ಒಂದರ ಮೇಲೊಂದು ಏರಿದ ಆ ಕಲ್ಲುಗಳ ಗಾಂಭೀರ್ಯ ಆಕೆಯ ಮನಸ್ಸಿನಲ್ಲಿ ನೆಲೆಯಾಯಿತು.

ಆಗ ಆಕೆ ವಾಸಿಸುತ್ತಿದ್ದುದು ನ್ಯೂಯಾರ್ಕಿನ ಪೂರ್ವ ಭಾಗದ 30ನೆಯ ಬೀದಿಯಲ್ಲಿ, ಮನೆಯವರ ನೆರವಿನಿಂದ ಕೊಂಡ ಒಂದು ಹಳೆಯ ಮನೆಯಲ್ಲಿ. 1950ರ ದಶಕದಲ್ಲಿ ಆ ನೆರೆಹೊರೆಯ ಹಳೆಯ ಕಟ್ಟಡಗಳನ್ನೆಲ್ಲ ಕೆಡವಿ ಹೊಸ ವಸತಿಗಳನ್ನು ಕಟ್ಟುವ ಕಾರ್ಯ ಭರದಿಂದ ಸಾಗಿತ್ತು. ಒಡೆದ ಮನೆಗಳ ಕಿಟಕಿಯ ಚೌಕಟ್ಟು, ಮೆಟ್ಟಿಲಿನ ಕಟಕಟೆ, ಬಾಗಿಲ ಮೇಲಿನ ಅಲಂಕಾರದ ಪಟ್ಟಿ, ಕುರ್ಚಿಯ ಬೆನ್ನು, ಎಲ್ಲವೂ ಬೀದಿಯ ಬದಿಗೆ ಬಂದು ಬೀಳುತ್ತಿದ್ದವು. ಲೂಯಿಸ್ ಅವನ್ನೆಲ್ಲ ಹೊತ್ತು ತಂದಳು. ಮನೆಯ ಕೋಣೆಗಳು ತುಂಬಿದವು, ಪಡಸಾಲೆ ತುಂಬಿತು, ಸ್ನಾನದ ತೊಟ್ಟಿಯೊಳಗೂ ಶಿಲ್ಪಗಳಿದ್ದವಂತೆ.

ತುಂಡುಗಳನ್ನು ಆಕೆ ಕಪ್ಪು ಬಣ್ಣದಲ್ಲಿ ಅದ್ದಿ ಒಣಗಿಸುತ್ತಿದ್ದಳು. ಇದರಲ್ಲಿ ಒಂದು ಜಾಣ್ಮೆಯಿದೆ. ಹಸುರು ಬಳಿದ ಕಿಟಕಿಯ ತುಂಡೂ ಹಳದಿ ಕುರ್ಚಿಯ ಕಾಲೂ ಪಕ್ಕಪಕ್ಕದಲ್ಲಿದ್ದರೆ ನಮ್ಮ ಕಣ್ಣು ಅವುಗಳ ಹಳೆಯ ಬಾಳನ್ನೇ ಗುರುತಿಸುತ್ತದೆ. ಎಲ್ಲಕ್ಕೂ ಒಂದೇ ಬಣ್ಣವಾದಾಗ ಕಿಟಕಿ ಕುರ್ಚಿಗಳು ಅಳಿದು ಆಕಾರಗಳು ಮಾತ್ರ ಉಳಿಯುತ್ತವೆ. ಬೆಳಕು ನೆರಳುಗಳ ಆಟ ತೊಡಗುತ್ತದೆ. ಕಪ್ಪು ಇತರರಿಗೆ ಶೋಕದ ಬಣ್ಣವಾದರೆ, ಆಕೆಗೆ ಅದು ಎಲ್ಲ ಬಣ್ಣಗಳನ್ನೂ ಒಳಗೊಂಡ ರಾಜವರ್ಣ. ಬಣ್ಣದ ನೆರವು ಬೇಡವೆಂದಿದ್ದ ಒಂಬತ್ತರ ಬಾಲಕಿಯ ಮಾತು ಹೀಗೆ ಅರ್ಧ ಶತಮಾನದ ಮೇಲೆ ಕೈಗೂಡಿತು.

ಇನ್ನು ಗೋಡೆಯ ಕಲ್ಪನೆ. ಶಿಲ್ಪಗಳನ್ನು ಜೋಪಾನವಾಗಿಡಲು ಆಕೆ ಬೀದಿಯಲ್ಲಿ ಸಿಕ್ಕ ಹಳೆಯ ಪೆಟ್ಟಿಗೆಗಳನ್ನು ಬಳಸುತ್ತಿದ್ದಳು. 1957ರ ಕ್ರಿಸ್‌ಮಸ್ಸಿಗೆ ಯಾರೋ ಕೊಟ್ಟ ಸೀಸೆಗಳ ಪೆಟ್ಟಿಗೆಯೊಂದರ ಒಳಗಿನ ಗೂಡುಗಳನ್ನು ಕಂಡಾಗ ಹೊಸ ವಿಚಾರ ಹೊಳೆಯಿತೆಂದೂ ಹೇಳುವುದುಂಟು. ಪೆಟ್ಟಿಗೆಯನ್ನು ಅಡ್ಡಲಾಗಿ ನಿಲ್ಲಿಸಿದರೆ ಅದೊಂದು ಪುಟ್ಟ ರಂಗಮಂಟಪ. ಅದರೊಳಗೆ ಮರದ ತುಂಡುಗಳನ್ನು ಜೋಡಿಸಿ, ಅಂಥ ಹತ್ತಾರು ಪೆಟ್ಟಿಗೆಗಳನ್ನು ಒಂದರ ಮೇಲೊಂದು ಏರಿಸಿದರೆ ಗೋಡೆಯೇ ಆಯಿತು! ಆಕೆ ಮೊದಲೇ ನಕ್ಷೆ ಬರೆದು ಕೆಲಸ ಮಾಡುತ್ತಿರಲಿಲ್ಲ. ಒಂದು ತುಂಡು ಇನ್ನೊಂದನ್ನು ಕರೆಯುವವರೆಗೆ ಕಾಯುತ್ತಿದ್ದಳು. ಮುಂಜಾನೆಯೇ ಎದ್ದು, ಕೈಗೆ ಬಂದುದನ್ನು ಇಟ್ಟು ನೋಡಿ, ತೆಗೆದು, ಮತ್ತೆ ಇಟ್ಟು, ದಣಿವಾಗುವವರೆಗೂ ದುಡಿಯುತ್ತಿದ್ದಳು.

1958ರ ಜನವರಿಯಲ್ಲಿ ಗ್ರ್ಯಾಂಡ್ ಸೆಂಟ್ರಲ್ ಮಾಡರ್ನ್ಸ್ ಎಂಬ ಗ್ಯಾಲರಿಯಲ್ಲಿ ಈ ಕಪ್ಪು ಗೋಡೆಗಳು ಮೊದಲ ಬಾರಿಗೆ ಎದ್ದು ನಿಂತವು. ಅಲ್ಲಿನ ನಿರ್ದೇಶಕಿ ಕೊಲೆಟ್ ರಾಬರ್ಟ್ಸ್ ಮೂರು ವರ್ಷಗಳಿಂದ ಆಕೆಗೆ ಬೆಂಬಲವಾಗಿದ್ದಳು. ಚಂದ್ರನ ತೋಟವೆಂಬ ಅರ್ಥದ ಹೆಸರು ಆ ಪ್ರದರ್ಶನಕ್ಕೆ. ಕೋಣೆಯಲ್ಲಿ ದೀಪಗಳು ಬಲು ಮಂದ. ಇದ್ದ ಬೆಳಕೂ ನೀಲಿ. ಒಳಗೆ ಬಂದವರಿಗೆ ಮೊದಲು ಕತ್ತಲೆಯಲ್ಲದೆ ಬೇರೇನೂ ಕಾಣುತ್ತಿರಲಿಲ್ಲ. ಕಣ್ಣು ಕತ್ತಲೆಗೆ ಹೊಂದಿಕೊಂಡ ಮೇಲೆ ಗೂಡುಗಳು ಒಂದೊಂದಾಗಿ ಮೂಡತೊಡಗಿದವು. ಕಾಲು ಶತಮಾನದಿಂದ ಆಕೆ ಕಾಯುತ್ತಿದ್ದ ಮನ್ನಣೆ ಈ ಸಲ ಬಂದಿತು. ಪತ್ರಿಕೆಗಳು ಬರೆದವು, ಜನ ಬಂದರು. ನ್ಯೂಯಾರ್ಕಿನ ಆಧುನಿಕ ಕಲೆಯ ವಸ್ತುಸಂಗ್ರಹಾಲಯವು ಆಕೆಯ ಸ್ಕೈ ಕೆಥೀಡ್ರಲ್ ಎಂಬ ಗೋಡೆಯನ್ನು ಅದೇ ವರ್ಷ ತನ್ನ ಸಂಗ್ರಹಕ್ಕೆ ಸೇರಿಸಿಕೊಂಡಿತು. ಆದರೆ ಅದನ್ನು ಹಣಕೊಟ್ಟು ಕೊಳ್ಳಲಿಲ್ಲ. ಆಕೆಯ ತಂಗಿ ಮತ್ತು ತಂಗಿಯ ಪತಿ ಕೊಡುಗೆಯಾಗಿ ಕೊಟ್ಟರು ಎಂಬುದನ್ನೂ ಹೇಳಬೇಕು.

ಆ ಹೊತ್ತಿಗೆ ಆಕೆಯ ಸ್ವಂತ ಮನೆಗೂ ಕೆಡವುವ ಸರದಿ ಬಂದಿತ್ತು. ಅನ್ಯರ ಮನೆಗಳ ತುಂಡುಗಳನ್ನು ಆಯುತ್ತಿದ್ದವಳು ತನ್ನ ಮನೆಯನ್ನು ಬಿಟ್ಟು, ಸ್ಪ್ರಿಂಗ್ ಬೀದಿಯ ಬೇರೊಂದು ಕಟ್ಟಡಕ್ಕೆ ಮರದ ರಾಶಿಯೊಡನೆ ಸಾಗಿದಳು.

1959ರ ಡಿಸೆಂಬರಿನಲ್ಲಿ ಅದೇ ವಸ್ತುಸಂಗ್ರಹಾಲಯದ ಡೊರೊತಿ ಮಿಲ್ಲರ್ ಎಂಬಾಕೆ ಹದಿನಾರು ಮಂದಿ ಅಮೆರಿಕದ ಕಲಾವಿದರನ್ನು ಆರಿಸಿ ದೊಡ್ಡ ಪ್ರದರ್ಶನವೊಂದನ್ನು ನಡೆಸಿದಳು. ಅವರಲ್ಲಿ ಕೆಲವರು ಲೂಯಿಸಳ ಮಗನಿಗಿಂತಲೂ ಕಿರಿಯರು. ಆಕೆಗೆ ಅರವತ್ತು. ಎಲ್ಲರೂ ಕಪ್ಪನ್ನು ನಿರೀಕ್ಷಿಸುತ್ತಿದ್ದಾಗ ಆಕೆ ಇಡೀ ಕೋಣೆಯನ್ನು ಬಿಳಿಯ ಮರದಿಂದ ತುಂಬಿ ಉಷಃಕಾಲದ ಮದುವೆಯ ಔತಣವನ್ನು ರಚಿಸಿದಳು. ವಧುವಿಗೊಂದು ಕಂಬ, ವರನಿಗೊಂದು ಕಂಬ. ಮದುವೆಯ ಪೆಟ್ಟಿಗೆ, ದಿಂಬು, ಪೂಜಾಮಂದಿರಗಳು. ಯಾರಾದರೂ ಇದನ್ನು ಇಡಿಯಾಗಿ ಉಳಿಸಿಕೊಳ್ಳುವರೆಂಬ ಆಸೆ ಆಕೆಗಿತ್ತು. ಹಾಗಾಗಲಿಲ್ಲ. ಆಕೆ ಮತ್ತೆ ಅದನ್ನು ಬಿಡಿಸಬೇಕಾಯಿತು. ಆದರೆ 1943ರಂತೆ ಈ ಸಲ ನಾಶಮಾಡಲಿಲ್ಲ. ಬಿಡಿಬಿಡಿಯಾದ ಭಾಗಗಳನ್ನು ಬೇರೆ ಬೇರೆ ಕೃತಿಗಳಲ್ಲಿ ಸೇರಿಸಿಕೊಂಡಳು; ಕೆಲವು ಭಾಗಗಳು ಬೇರೆ ಬೇರೆ ಊರುಗಳ ಸಂಗ್ರಹಗಳನ್ನು ಸೇರಿದವು.

ಇಲ್ಲಿಂದ ಮುಂದಿನದು ಕೀರ್ತಿಯ ಕಥೆ. ಅದನ್ನು ಬೇಗ ಹೇಳಿ ಮುಗಿಸಬಹುದು. 1962ರಲ್ಲಿ ವೆನಿಸ್ ನಗರದ ಅಂತರರಾಷ್ಟ್ರೀಯ ಕಲಾಮೇಳದಲ್ಲಿ ಅಮೆರಿಕದ ಪರವಾಗಿ ಆಕೆಯ ಕಪ್ಪು, ಬಿಳಿ, ಚಿನ್ನದ ಬಣ್ಣದ ಗೋಡೆಗಳು ನಿಂತವು. 1964ರಲ್ಲಿ ನಾಜಿಗಳಿಂದ ಹತರಾದ ಅರವತ್ತು ಲಕ್ಷ ಯಹೂದ್ಯರ ನೆನಪಿಗೆ ಕಪ್ಪು ಗೋಡೆಯೊಂದನ್ನು ಅರ್ಪಿಸಿದಳು. 1967ರಲ್ಲಿ ವಿಟ್ನಿ ವಸ್ತುಸಂಗ್ರಹಾಲಯವು ಆಕೆಯ ಅಂದಿನವರೆಗಿನ ಸಾಧನೆಯನ್ನೆಲ್ಲ ಒಟ್ಟಿಗೆ ಪ್ರದರ್ಶಿಸಿತು. ಎಪ್ಪತ್ತು ದಾಟಿದ ಮೇಲೆ ಆಕೆ ಉಕ್ಕಿನಲ್ಲಿಯೂ ಭಾರಿ ಶಿಲ್ಪಗಳನ್ನು ರಚಿಸಿದಳು. 1978ರಲ್ಲಿ ನ್ಯೂಯಾರ್ಕಿನ ಒಂದು ಚೌಕಕ್ಕೆ ಆಕೆಯ ಹೆಸರನ್ನೇ ಇಡಲಾಯಿತು. ತಲೆಗೆ ರೇಷ್ಮೆಯ ವಸ್ತ್ರ,  ಮೈಮೇಲೆ ದೇಶದೇಶಗಳ ಕಸೂತಿಯ ಬಟ್ಟೆ, ಕಣ್ಣಿಗೆ ದಟ್ಟವಾದ ಕೃತಕ ರೆಪ್ಪೆಗೂದಲು, ಹೀಗೆ ಅಲಂಕರಿಸಿಕೊಂಡು ಆ ಮುದುಕಿಯು ಬೀದಿಯಲ್ಲಿ ನಡೆದು ಬರುತ್ತಿದ್ದರೆ ರಾಕ್‌ಲೆಂಡಿನಲ್ಲಿ ಮಿನ್ನಾ ನಡೆದಂತೆಯೇ ಇದ್ದಿರಬೇಕು. 1988ರ ಏಪ್ರಿಲ್ 17ರಂದು ಆಕೆ ನ್ಯೂಯಾರ್ಕಿನಲ್ಲಿ ತೀರಿಕೊಂಡಳು. 2000ದಲ್ಲಿ ಅಮೆರಿಕದ ಅಂಚೆ ಇಲಾಖೆಯು ಆಕೆಯ ಕೃತಿಗಳ ಚಿತ್ರವುಳ್ಳ ಐದು ಅಂಚೆಚೀಟಿಗಳನ್ನು ಹೊರತಂದಿತು. ತವರಿನಲ್ಲಿ ಬಿಟ್ಟು ಹೋಗಿದ್ದ ಮಗ ಮೈಕನೂ ಮುಂದೆ ಶಿಲ್ಪಿಯಾದನು. ಅವನು ಆರಿಸಿಕೊಂಡ ಸಾಮಗ್ರಿಯೂ ಮರವೇ.

ಸ್ಕೈ ಕೆಥೀಡ್ರಲ್ ಸುಮಾರು 11 ಅಡಿ ಎತ್ತರ, 10 ಅಡಿ ಅಗಲದ ಗೋಡೆ. ಅದರ ಮುಂದೆ ಸ್ವಲ್ಪ ಹೊತ್ತು ನಿಂತರೆ ಕಪ್ಪಿನೊಳಗಿನಿಂದ ಕಡೆದ ಕಂಬಗಳೂ ಅಲಂಕಾರದ ಪಟ್ಟಿಗಳೂ ಕುರ್ಚಿಯ ಭಾಗಗಳೂ ಒಂದೊಂದಾಗಿ ಗೋಚರಿಸುತ್ತವೆ. ಅವು ನ್ಯೂಯಾರ್ಕಿನ ಯಾವ ಯಾವ ಮನೆಗಳಲ್ಲಿದ್ದವೋ, ಯಾರು ಯಾವಾಗ ಬೀದಿಗೆಸೆದರೋ, ಆ ಮನೆಗಳು ಇಂದು ಇಲ್ಲ.